ತಪ್ಪು ಹೆಸರಿನ ಮರ

ಏಳನೆಯ ನೋಟ್‌ಬುಕ್ಕನ್ನು ಶವಪೆಟ್ಟಿಗೆಯಲ್ಲಿ ಮಲಗಿದ್ದ ತಾಯಿಯ ಪಾದದ ಪಕ್ಕಕ್ಕೆ ತುರುಕುತ್ತಿದ್ದ ಯಾಸುಹಿರೊನ ಕೈಯನ್ನು ಚಿತಾಗಾರದ ನೌಕರ ಮೆಲ್ಲಗೆ ತಡೆದ.

"ಕ್ಷಮಿಸಿ ಸರ್. ದಪ್ಪ ಪುಸ್ತಕ ಪೆಟ್ಟಿಗೇಲಿ ಇಡೋ ಹಾಗಿಲ್ಲ."

"ಯಾಕೆ? ಕಾಗದ ತಾನೆ? ಎಲ್ಲಕ್ಕಿಂತ ಮೊದಲು ಸುಡೋದೇ ಅದು."

"ಬಿಡಿ ಹಾಳೆ ಆದ್ರೆ ಸುಡುತ್ತೆ. ಪುಸ್ತಕ ಹಾಗೇ ಇಟ್ರೆ ಒಳಗಡೆ ಸುಡಲ್ಲ. ಬೂದಿ ಹಾರಿ ಮೂಳೆ ಮೇಲೆಲ್ಲ ಕೂತ್ಕೊಳ್ಳುತ್ತೆ. ಆಮೇಲೆ ನಿಮಗೇ ಬೇಜಾರಾಗುತ್ತೆ."

ಯಾಸುಹಿರೊ ಟೋಕಿಯೋದ ಸಿಟಿ ಬಸ್ಸಿನ ಡ್ರೈವರು. ಸಮವಸ್ತ್ರ ತೊಟ್ಟವರು ಏನು ಹೇಳಿದರೂ ಐವತ್ನಾಲ್ಕು ವರ್ಷದಿಂದ ಕೇಳಿಕೊಂಡು ಬಂದವನು. ಇಟ್ಟ ನೋಟ್‌ಬುಕ್ಕುಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದ. ಅವನ ಹೆಂಡತಿ ಚಿಕಾಕೊ ಕೈಯಲ್ಲಿದ್ದ ಚೀಲದಲ್ಲಿ ಇನ್ನೂ ನಾಲ್ಕು ಉಳಿದಿದ್ದವು.

"ಮತ್ತೆ ಮನೆಗೇ ಹೊತ್ಕೊಂಡು ಹೋಗ್ಬೇಕಾ?" ಎಂದಳು ಚಿಕಾಕೊ. ಪಿಸುಮಾತೇ, ಆದರೆ ಆ ಕಲ್ಲಿನ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. "ಎಲ್ಲಿಡೋದು? ಫ್ರಿಜ್ಜಿನ ಮೇಲಾ?"

ಪೆಟ್ಟಿಗೆಯ ಆಚೆ ಬದಿಯಲ್ಲಿ ನಿಂತಿದ್ದ ತೊಮಿಕೊ ಮೂಗಿನಲ್ಲೇ ನಕ್ಕಳು. ಸತ್ತವಳ ತಂಗಿ ಆಕೆ. ಕಾವಗೊಯೆ ಊರಿನಲ್ಲಿ ಗೆಣಸಿನ ಮಿಠಾಯಿ ಅಂಗಡಿ ಇಟ್ಟವಳು, ಎಪ್ಪತ್ತಾರು ವರ್ಷ.

"ಸುಡೋಕೂ ಜಾಗ ಇಲ್ಲ, ಇಡೋಕೂ ಜಾಗ ಇಲ್ಲ. ಪಾಪ, ಕಷ್ಟ ನಿಮ್ದು" ಎಂದಳು.

"ಚಿಕ್ಕಮ್ಮ, ಇಲ್ಲಿ ಬೇಡ" ಎಂದ ಯಾಸುಹಿರೊ.

ಆಗ ಕುಗಾ ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. ನಿವೃತ್ತ ಹೆಡ್‌ಮಾಸ್ಟರು, ಊರಿನ ಚೆರ್ರಿ ಮರಗಳನ್ನು ನೋಡಲು ನಡಿಗೆ ಏರ್ಪಡಿಸುವ ಚೆರ್ರಿ ಬಳಗದ ಅಧ್ಯಕ್ಷರು. ಬಳಗದ ನಾಲ್ಕು ಜನ ಅವರ ಜೊತೆಗೆ ಬಂದಿದ್ದರು. ಐದೂ ಕಪ್ಪು ಕೋಟುಗಳ ಮೇಲೆ ಗುಲಾಬಿ ಬಣ್ಣದ ಹೂವಿನ ಬಿಲ್ಲೆ ಹೊಳೆಯುತ್ತಿತ್ತು. ಸಾವಿನ ಮನೆಗೂ ಬಿಲ್ಲೆ ಹಾಕಿಕೊಂಡು ಬರುವವರು ಅವರು.

"ಅವು ಸುಡದೇ ಇದ್ದದ್ದು ಒಳ್ಳೇದೇ ಆಯ್ತು" ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆಮೇಲೆ ಮಾತಾಡೋಣ."

ಅರ್ಧ ಗಂಟೆಯ ಹಿಂದಷ್ಟೇ ಅವರು ತೀರಿಕೊಂಡ ಫುಸಾಯೆಯ ಫೋಟೊದ ಮುಂದೆ ನಿಂತು ಶ್ರದ್ಧಾಂಜಲಿ ಓದಿದ್ದರು. "ಓದು ಬರಹ ಹೆಚ್ಚಿಲ್ಲದ ಒಬ್ಬ ಲಾಂಡ್ರಿಯ ಹೆಣ್ಣುಮಗಳಿಗೆ, ಹೂವಿನ ನಡುವಿನ ಎಳೆ ಎಣಿಸಿ ತಳಿ ಗುರುತಿಸುವುದನ್ನು ಹೇಳಿಕೊಡುವ ಭಾಗ್ಯ ನನ್ನದಾಯಿತು" ಎಂದಿದ್ದರು. ಬಳಗದವರು ತಲೆಯಾಡಿಸಿದ್ದರು. ಪುರೋಹಿತನೂ ಗೊತ್ತಿಲ್ಲದೆ ತಲೆಯಾಡಿಸಿದ್ದ. ತೊಮಿಕೊ ಮಾತ್ರ ಮೇಷ್ಟ್ರ ಬೂಟುಗಳನ್ನೇ ನೋಡುತ್ತ ಕುಳಿತಿದ್ದಳು.

ಮುಚ್ಚಳ ಹಾಕಿದರು. ಪೆಟ್ಟಿಗೆ ಉಕ್ಕಿನ ಬಾಗಿಲೊಳಗೆ ಹೋಯಿತು.

*

ಫುಸಾಯೆ ಜೂಜೋ ಬಡಾವಣೆಯ ನೆಮೊತೊ ಲಾಂಡ್ರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಇಪ್ಪತ್ತಮೂರು. ಗಂಡ ತಾಕೆಯೊ ಇಸ್ತ್ರಿ ಹಾಕುತ್ತಿದ್ದ, ಅವಳು ಸೈಕಲ್ಲಿನಲ್ಲಿ ಬಟ್ಟೆ ಮುಟ್ಟಿಸುತ್ತಿದ್ದಳು. ಇಪ್ಪತ್ತು ವರ್ಷ ಅವಳಿಗೂ ಚೆರ್ರಿ ಎಂದರೆ ಚೆರ್ರಿಯೇ. ಏಪ್ರಿಲ್ ಬಂತು ಎಂದರೆ ಹೂಮರದ ಕೆಳಗೆ ಕೂತು ಕುಡಿದವರ ಹೊರೆಗಟ್ಟಲೆ ಬಿಯರ್ ಕಲೆಯ ಅಂಗಿಗಳು, ಅಷ್ಟೇ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ವಕೀಲರ ಮನೆಯ ಹಿತ್ತಿಲ ಬಾಗಿಲಲ್ಲಿ ಅಂಗಿ ಕೊಡುತ್ತ ನಿಂತಾಗ ಮೇಲಿನಿಂದ ಒಂದು ಹೂ ಅವಳ ತೋಳಿನ ಮೇಲೆ ಬಿತ್ತು. ಚೆರ್ರಿ ಹೂವೇ, ಆದರೆ ಹಳದಿ. ಹಸಿರು ಬೆರೆತ, ತೆಳು ಹಳದಿ.

"ಅಮ್ಮಾವ್ರೇ, ಇದು ಯಾವ ಹೂ?"

ವಕೀಲರ ಹೆಂಡತಿ ಅಂಗಿಯ ಕಾಲರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಚೆರ್ರಿ. ಇನ್ನೇನು? ಮೂವತ್ತು ವರ್ಷದಿಂದ ಇಲ್ಲೇ ಇದೆ. ಹೂವಿನ ವಿಚಾರ ಆಮೇಲೆ, ಮೊದಲು ಈ ಕಲೆ ಯಾಕೆ ಹೋಗಿಲ್ಲ ಹೇಳಿ."

ಮರುವಾರ ಅದೇ ಮನೆಗೆ ಬಂದ ತೋಟದ ಮುದುಕ ಹೇಳಿದ. ಅದರ ಹೆಸರು ಉಕೋನ್, ಅಂದರೆ ಅರಿಶಿನ. ಫುಸಾಯೆ ಬಟ್ಟೆಗೆ ಕಟ್ಟುವ ಚೀಟಿಯ ಹಿಂದೆ ಅದನ್ನು ಬರೆದುಕೊಂಡಳು. ಸೈಕಲ್ ಹತ್ತಿದಾಗ ಅವಳ ಎದೆಯೊಳಗೆ ಏನೋ ಹೊಸದು ಎದ್ದಿತ್ತು. ಹೂವಿನ ಮೇಲಿನ ಪ್ರೀತಿ ಎಂದು ಬಳಗದವರು ನಂತರ ಹೇಳುತ್ತಿದ್ದರು. ಪ್ರೀತಿಯಲ್ಲ ಅದು. ಮೂವತ್ತು ವರ್ಷ ಕಿಟಕಿಯೆದುರು ಅರಿಶಿನದ ಬಣ್ಣದ ಹೂ ಬಿಟ್ಟರೂ ಹೆಸರು ಕೇಳದ ಆ ರೇಷ್ಮೆ ಕಿಮೊನೊದ ಹೆಂಗಸಿನ ಮೇಲಿನ ತಾತ್ಸಾರ. ಜೀವಮಾನದಲ್ಲಿ ಮೊದಲ ಸಲ ಯಾರನ್ನಾದರೂ ಮೇಲಿನಿಂದ ಕೆಳಗೆ ನೋಡಿದ್ದಳು. ಅದು ತುಂಬ ಹಿತವಾಗಿತ್ತು.

ಅಲ್ಲಿಂದ ಮುಂದೆ ಪ್ರತಿ ವಸಂತ ಅವಳು ಬೀದಿ ಬೀದಿ ಸುತ್ತಿದಳು. ಸ್ನಾನದ ಮನೆಯ ಹಿಂದೆ, ತೋಫು ಅಂಗಡಿಯ ಸಂದಿನಲ್ಲಿ, ಮುರಿದ ಕಾರ್ಖಾನೆಯ ಗೇಟಿನಲ್ಲಿ ನಿಂತ ಮರಗಳು. ಬಿಳಿಯವು, ಹಸಿರಿನವು, ನೂರು ದಳದವು, ಚಳಿಗಾಲದಲ್ಲೂ ಬಿಡುವವು. ಊರೆಲ್ಲ ನೀಲಿ ಟಾರ್ಪಾಲು ಹಾಸಿ ಯಾವ ಮರದ ಕೆಳಗೆ ಕುಡಿದು ಹಾಡುತ್ತದೋ ಆ ಸೊಮೆಯಿ ಯೊಶಿನೊ ಮರಗಳನ್ನು ಮಾತ್ರ ಅವಳು ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಒಂದೇ ಮರದ ಕೊಂಬೆ ಕತ್ತರಿಸಿ ಕಸಿ ಮಾಡಿ ದೇಶ ತುಂಬ ನೆಟ್ಟವು ಅವು. "ಆಫೀಸಿನ ಬಿಳಿ ಅಂಗಿಗಳು" ಎನ್ನುತ್ತಿದ್ದಳು. "ಸಾವಿರ ಒಗೆದ್ರೂ ಒಂದೇ ಒಂದರ ಮುಖ ನೆನಪಿರಲ್ಲ."

"ಒಂದು ಕೋಟು ಕೊಟ್ಟು ಬರೋಕೆ ಅರ್ಧ ದಿನವಾ?" ಎಂದು ತಾಕೆಯೊ ಬೈಯುತ್ತಿದ್ದ. "ಮರ ನೋಡ್ತಿದ್ಳಂತೆ, ಮರ! ಕತ್ತೆಗೂ ಕಣ್ಣಿದೆ, ಅದೂ ಮರ ನೋಡುತ್ತೆ."

ಅವನು ಸಾಯುವವರೆಗೆ ಬೈಯುತ್ತಲೇ ಇದ್ದ. ಅವಳು ಅವನನ್ನೂ ವಕೀಲರ ಹೆಂಡತಿಯ ಸಾಲಿಗೆ ಸೇರಿಸಿ ಸುಮ್ಮನಾದಳು.

*

ಕಾಯುವ ಕೋಣೆಯಲ್ಲಿ ಬಾರ್ಲಿ ಚಹಾ, ಬಿಯರು, ಅಕ್ಕಿಯ ಬಿಸ್ಕತ್ತು ಇಟ್ಟಿದ್ದರು. ಒಂದು ಗಂಟೆ ಹಿಡಿಯುತ್ತದೆ ಎಂದಿದ್ದ ನೌಕರ. ಕಿಟಕಿಯಾಚೆ ಅಂಗಳದಲ್ಲಿ ಕಡುಗುಲಾಬಿಯ ಮುದ್ದೆ ಹೂಗಳ ಮರವೊಂದಿತ್ತು. ಬೇರೆ ಯಾರದೋ ಅಂತ್ಯಕ್ರಿಯೆಗೆ ಬಂದವರು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಬಳಗದ ಹೆಂಗಸರಿಬ್ಬರು ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಒಳ್ಳೆಯವರೇ. ಆದ್ರೆ ನಡಿಗೆಗೆ ಬರುವಾಗಲೂ ಆ ಏಪ್ರನ್ನು..."

"ಊಟದ ಡಬ್ಬಿ ಹೊತ್ಕೊಂಡು ಬರೋದಕ್ಕೆ ಅವರೇ ಬೇಕಿತ್ತು ಬಿಡಿ. ಸೈಕಲ್ ಇತ್ತಲ್ಲ."

ತೊಮಿಕೊ ಅವರ ಲೋಟಗಳಿಗೆ ಚಹಾ ಬಗ್ಗಿಸಿದಳು. ತುಂಬಿ ತುಳುಕಿ ಮೇಜಿನ ಮೇಲೆ ಹರಿಯುವವರೆಗೆ ಬಗ್ಗಿಸಿದಳು.

"ಅಯ್ಯೋ, ಸಾಕು ಸಾಕು!"

"ಅಕ್ಕನೇ ಬಂದು ಒರೆಸ್ತಾಳೆ ಇರಿ. ಏಪ್ರನ್ ಇದೆಯಲ್ಲ."

ಕುಗಾ ಮೇಷ್ಟ್ರು ಯಾಸುಹಿರೊನ ಕಡೆ ತಿರುಗಿದರು.

"ನೆಮೊತೊ ಅವರೇ, ಆ ನೋಟ್‌ಬುಕ್ಕುಗಳು. ನಮ್ಮ ವಾರ್ಡಿನ ಚೆರ್ರಿ ನಕ್ಷೆಯ ಹೊಸ ಮುದ್ರಣ ಬರೋದಿದೆ. ನಿಮ್ಮ ತಾಯಿಯ ನೆನಪಿಗೆ ಅಂತ ಅವನ್ನ ಬಳಗಕ್ಕೆ ಕೊಟ್ರೆ..."

"ತಗೊಂಡ್ಹೋಗಿ ಮೇಷ್ಟ್ರೇ" ಎಂದಳು ಚಿಕಾಕೊ, ಗಂಡ ಬಾಯಿ ತೆರೆಯುವ ಮೊದಲೇ. ಚೀಲವನ್ನು ಮೇಜಿನ ಮೇಲಿಟ್ಟಳು.

"ನಕ್ಷೆ" ಎಂದಳು ತೊಮಿಕೊ. "ಹಳೇ ನಕ್ಷೆ ನನ್ನ ಹತ್ರಾನೂ ಒಂದಿದೆ. ಚೆನ್ನಾಗಿದೆ. ಕೊನೇ ಪುಟ ಅಂತೂ ತುಂಬಾ ಚೆನ್ನಾಗಿದೆ."

ಮೇಷ್ಟ್ರು ಚಹಾದ ಲೋಟ ಕೈಗೆತ್ತಿಕೊಂಡರು, ಕುಡಿಯಲಿಲ್ಲ.

*

ಹನ್ನೆರಡು ವರ್ಷದ ಹಿಂದೆ ಆ ನಕ್ಷೆ ಅಚ್ಚಾದ ದಿನ ಫುಸಾಯೆ ರೈಲು ಹತ್ತಿ ಕಾವಗೊಯೆಗೆ ಬಂದಿದ್ದಳು. ತಂಗಿಯ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ, ಬೆಂದ ಗೆಣಸಿನ ಹಬೆಯ ನಡುವೆ, ಕೋಟು ಕೂಡ ತೆಗೆಯದೆ ಕುಳಿತು ನಕ್ಷೆ ಬಿಡಿಸಿದ್ದಳು.

ವಾರ್ಡಿನಲ್ಲಿ ನಲವತ್ತಮೂರು ತಳಿಗಳ ಚೆರ್ರಿ ಇವೆ ಎಂದು ನಕ್ಷೆ ಹೇಳುತ್ತಿತ್ತು. ಅವುಗಳಲ್ಲಿ ಮೂವತ್ತೆಂಟನ್ನು ಪತ್ತೆ ಮಾಡಿದವಳು ಫುಸಾಯೆ. ಯಾವ ಸಂದು, ಯಾವ ಗೋಡೆಯ ಹಿಂದೆ, ಯಾವ ದಿನ ಅರಳುತ್ತದೆ ಎಲ್ಲ ಅವಳ ನೋಟ್‌ಬುಕ್ಕಿನಿಂದ ಇಳಿಸಿಕೊಂಡದ್ದು. ಮೊದಲ ಪುಟದಲ್ಲಿ ಕುಗಾ ಮೇಷ್ಟ್ರ ಫೋಟೊ, ಮುನ್ನುಡಿ. ಕೊನೆಯ ಪುಟದಲ್ಲಿ, ಮುದ್ರಕರ ವಿಳಾಸಕ್ಕಿಂತ ಕೆಳಗೆ, ಸಣ್ಣಕ್ಷರದಲ್ಲಿ ಒಂದು ಸಾಲು: "ಸ್ಥಳೀಯ ಲಾಂಡ್ರಿಯವರೂ ಸಹಕರಿಸಿದ್ದಾರೆ."

"ಹೆಸರೇ ಇಲ್ವಲ್ಲೇ ಅಕ್ಕ" ಎಂದಿದ್ದಳು ತೊಮಿಕೊ.

"ಲಾಂಡ್ರಿ ಅಂತ ಇದೆಯಲ್ಲ."

"ಹೋಗಿ ಕೇಳು! ಮುಖಕ್ಕೆ ಹೊಡೆದ ಹಾಗೆ ಕೇಳು!"

ಫುಸಾಯೆ ನಕ್ಷೆಯನ್ನು ಅದರ ಮಡಿಕೆಗಳಲ್ಲೇ ಅಚ್ಚುಕಟ್ಟಾಗಿ ಮಡಚಿದಳು. ಇಡೀ ಬದುಕು ಬೇರೆಯವರ ಬಟ್ಟೆ ಮಡಚಿದ ಕೈ.

"ಕೇಳಲ್ಲ. ಅವರಿಗೆ ಹೂ ನೋಡೋಕೆ ಬರಲ್ಲ ಕಣೇ. ಪುಸ್ತಕ ನೋಡ್ತಾರೆ, ಆಮೇಲೆ ಮರ ನೋಡ್ತಾರೆ. ಅಂಥವರ ಹತ್ರ ಹೋಗಿ ನನ್ನ ಹೆಸರು ಹಾಕಿ ಅಂತ ಬೇಡಲಾ?"

ಒಂದು ಬಿಸಿ ಗೆಣಸನ್ನು ಸಿಪ್ಪೆ ಸಮೇತ ತಿಂದು, ಅಂಗಡಿ ಮುಚ್ಚುವ ಮೊದಲೇ ಹೊರಟುಹೋಗಿದ್ದಳು. ಆದರೂ ಮುಂದಿನ ವಸಂತದಲ್ಲಿ, ಅದರ ಮುಂದಿನ ವಸಂತದಲ್ಲೂ ಬಳಗದ ನಡಿಗೆಗೆ ಹೋದಳು. ಯಾಕೆ ಹೋಗುತ್ತೀ ಎಂದರೆ ತಂಗಿಗೂ ಹೇಳಲಿಲ್ಲ.

*

"ಯಾಸು" ಎಂದಳು ತೊಮಿಕೊ. "ಕೊಡೋದು ಕೊಡು. ಕೊಡೋಕೆ ಮುಂಚೆ ಒಂದೆರಡು ಪುಟ ಓದು. ಏನು ಕೊಡ್ತಿದೀವಿ ಅಂತ ನಮಗೂ ಗೊತ್ತಾಗ್ಲಿ."

ಯಾಸುಹಿರೊ ಕೈಗೆ ಸಿಕ್ಕ ಒಂದನ್ನು ತೆಗೆದ. ತಾಯಿ ಏನು ಬರೆಯುತ್ತಿದ್ದಳು ಎಂದು ಅವನು ಯಾವತ್ತೂ ತೆರೆದು ನೋಡಿರಲಿಲ್ಲ. ನಿಲ್ದಾಣಗಳ ಹೆಸರು ಕೂಗುವ ದನಿಯಲ್ಲಿ ಓದತೊಡಗಿದ.

"ಏಪ್ರಿಲ್ ಹದಿನೆಂಟು. ಎರಡನೇ ಬೀದಿ, ಹಲ್ಲಿನ ಡಾಕ್ಟರ ಮನೆ. ಕಾನ್‌ಜಾನ್ ತಳಿ. ಕೊಂಬೆಗಳನ್ನು ಬುಡಕ್ಕೇ ಕಡಿಸಿದ್ದಾನೆ. ಹಲ್ಲು ಕೀಳುವುದೂ ಹೀಗೇ ಇರಬೇಕು."

ಬಳಗದ ಗಂಡಸೊಬ್ಬರು ಬಿಯರಿನ ನೊರೆಯೊಳಗೆ ನಕ್ಕುಬಿಟ್ಟರು. ಯಾಸುಹಿರೊ ಹಾಳೆ ತಿರುವಿದ.

"ಏಪ್ರಿಲ್ ಇಪ್ಪತ್ತು. ಕಾಲುವೆ ಪಕ್ಕದ ಹಸಿರು ಹೂವಿನ ಮರ. ಈ ವರ್ಷ ಹನ್ನೊಂದೇ ಗೊಂಚಲು. ಯಾಸುಹಿರೊ ಹೊಸ ಕಾರು ತೋರಿಸಲು ಬಂದಿದ್ದ. ಆ ಮರದ ಬೇರಿನ ಮೇಲೇ ನಿಲ್ಲಿಸಿದ. ಹೇಳಿದೆ. ಯಾವ ಮರ ಅಂದ. ಅವನ ಅಪ್ಪನ ಮಗ."

ಅವನ ದನಿ ನಿಂತಿತು. ಚಿಕಾಕೊ ಕಿಟಕಿಯಾಚೆ ನೋಡಿದಳು.

"ಮುಂದೆ ಓದಪ್ಪ" ಎಂದಳು ತೊಮಿಕೊ. ಈ ಸಲ ಅವಳ ದನಿಯಲ್ಲಿ ಮೊನಚಿರಲಿಲ್ಲ. "ನನ್ನ ಬಗ್ಗೆಯೂ ಎಲ್ಲೋ ಬೈದಿರ್ತಾಳೆ."

"ಏಪ್ರಿಲ್ ಇಪ್ಪತ್ತೊಂದು" ಎಂದು ಯಾಸುಹಿರೊ ಓದಿದ. "ಬಳಗದ ನಡಿಗೆ. ಪ್ರಾಥಮಿಕ ಶಾಲೆಯ ಗೇಟಿನ ಮರ. ಕುಗಾ ಮೇಷ್ಟ್ರು ಹತ್ತು ನಿಮಿಷ ಅದರ ಕೆಳಗೆ ನಿಂತು ಇದು ಫುಗೆನ್‌ಜೋ ಎಂದು ಪಾಠ ಮಾಡಿದರು. ಫುಗೆನ್ ಅಂದರೆ ಸಮಂತಭದ್ರ ಬೋಧಿಸತ್ವ, ಅವನ ಆನೆಯ ದಂತದ ಹಾಗೆ ಹೂವಿನ ನಡುವೆ ಎಲೆಯಾಕಾರದ ಎರಡು ಹಸಿರು ಎಳೆ ಇರುತ್ತವೆ, ಆದ್ದರಿಂದ ಆ ಹೆಸರು ಎಂದರು. ಪುಸ್ತಕದಲ್ಲಿ ಇರುವುದು ಸರಿ. ಆದರೆ ಒಂದು ಹೂವನ್ನೂ ಎತ್ತಿ ನೋಡಲಿಲ್ಲ. ನಾನು ಬಿದ್ದ ಹೂ ಎತ್ತಿ ನೋಡಿದೆ. ಎಳೆ ಒಂದೇ. ಇನ್ನೂ ಆರು ನೋಡಿದೆ. ಎಲ್ಲದರಲ್ಲೂ ಒಂದೇ. ಇಚಿಯೋ ಮರ. ಹೆಸರಿನಲ್ಲೇ ಒಂದು ಎಲೆ ಎಂದಿದೆ. ಅಲ್ಲವೇನಮ್ಮ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಹೌದು ಮೇಷ್ಟ್ರೇ, ನೀವು ಹೇಳಿದ ಮೇಲೆ ಮುಗಿಯಿತು ಎಂದೆ."

ಯಾಸುಹಿರೊ ಉಳಿದ ಸಾಲನ್ನೂ ಓದಿಬಿಟ್ಟ. ನಿಲ್ಲಿಸು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ವಾರ್ಡ್ ಆಫೀಸಿನವರು ಅಲ್ಲಿ ಫಲಕ ಹಾಕುತ್ತಾರಂತೆ. ಹಾಕಲಿ. ದಿನಾ ಮುನ್ನೂರು ಮಕ್ಕಳು ತಪ್ಪು ಓದುತ್ತವೆ. ಅದಕ್ಕೆ ನಾನೂ ಕಾರಣ. ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ. ಆದರೂ ಸೈಕಲ್ ತುಳಿಯುವಾಗ ಮನೆಯವರೆಗೂ ನಗು ಬರುತ್ತಿತ್ತು."

ಬಳಗದ ಹೆಂಗಸೊಬ್ಬಳು ತನ್ನ ಬಿಲ್ಲೆಯನ್ನು ಮುಟ್ಟಿಕೊಂಡಳು. "ಎಂಥಾ ವಿಷ" ಎಂದಳು. "ಮೇಷ್ಟ್ರು ಅವರಿಗೆ ಎಷ್ಟು ಮಾಡಿದ್ರು! ಅದೂ ಸುಳ್ಳೇ ಇರಬಹುದು. ಲಾಂಡ್ರಿಯವಳಿಗೆ ಏನು ಗೊತ್ತು, ಅಲ್ವಾ ಮೇಷ್ಟ್ರೇ?"

"ಸುಮ್ನಿರಿ" ಎಂದರು ಕುಗಾ ಮೇಷ್ಟ್ರು.

ಅವರ ಮುಖ ಸುಣ್ಣದ ಹಾಗಾಗಿತ್ತು. ಲೋಟ ಕೆಳಗಿಟ್ಟರು.

"ಅದು ಇಚಿಯೋನೇ. ನನಗೆ ಮರುವರ್ಷವೇ ಗೊತ್ತಾಯ್ತು. ಒಬ್ಬನೇ ಹೋಗಿ ಎಣಿಸಿದ್ದೆ."

"ಮರುವರ್ಷ" ಎಂದಳು ತೊಮಿಕೊ. "ಅಂದ್ರೆ ಒಂಬತ್ತು ವರ್ಷ ಆಯ್ತು. ಫಲಕ ಈಗ್ಲೂ ಅಲ್ಲೇ ಇದೆ. ಮೊನ್ನೆ ಬರುವಾಗ ನೋಡಿದೆ, ನಿಮ್ಮ ಹೆಸರಿನ ಸಮೇತ."

"ಫಲಕ ಹಾಕಿದ್ಮೇಲೆ ಹೇಗೆ ಹೇಳೋದು? ವಾರ್ಡ್ ಆಫೀಸು, ಶಾಲೆ, ಇವರೆಲ್ಲ..." ಅವರು ಬಳಗದವರ ಕಡೆ ಕೈ ಬೀಸಿದರು, ನೊಣ ಓಡಿಸುವ ಹಾಗೆ. "ಫುಸಾಯೆ ಅವರಿಗೆ ಗೊತ್ತಿದೆ ಅನ್ನೋದೂ ನನಗೆ ಗೊತ್ತಿತ್ತು. ಪ್ರತಿ ವರ್ಷ ಆ ಮರದ ಕೆಳಗೆ ನನ್ನನ್ನ ನಿಲ್ಲಿಸೋರು. ನಿಮ್ಮ ಮರ ಚೆನ್ನಾಗಿ ಅರಳಿದೆ ಮೇಷ್ಟ್ರೇ ಅನ್ನೋರು. ಸೊಂಟ ಬಗ್ಗಿಸಿ ನಮಸ್ಕಾರ ಮಾಡೋರು. ನಾನೂ ಮಾಡ್ತಿದ್ದೆ. ಆಹಾ, ಆ ನಮಸ್ಕಾರ! ನನ್ನ ಜನ್ಮದಲ್ಲಿ ಯಾರೂ ನನ್ನನ್ನ ಅಷ್ಟು ಕೀಳಾಗಿ ನೋಡಿಲ್ಲ."

ತೊಮಿಕೊ ತುಳುಕಿದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದೆ" ಎಂದರು ಮೇಷ್ಟ್ರು. "ಮಾತಾಡೋಕೆ ಉಸಿರು ಸಾಲ್ತಿರಲಿಲ್ಲ ಅವರಿಗೆ. ನನ್ನ ನೋಡಿ ಒಂದೇ ಮಾತು ಕೇಳಿದ್ರು. ಎಣಿಸಿದ್ರಾ?"

"ನೀವೇನಂದ್ರಿ?"

ಮೇಷ್ಟ್ರು ಕಣ್ಣು ತಗ್ಗಿಸಿದರು.

"ಏನು, ಮಾತ್ರೆನಾ ಅಂದೆ. ನರ್ಸಮ್ಮ ಎಣಿಸಿ ಕೊಡ್ತಾರೆ ಅಂದೆ."

ಯಾಸುಹಿರೊ ಎದ್ದು ನಿಂತ. ಅವನು ಏನೋ ಮಾಡಿಬಿಡುತ್ತಾನೆ ಎಂದುಕೊಂಡು ಚಿಕಾಕೊ ಅವನ ತೋಳು ಹಿಡಿದಳು. ಅವನು ನೋಟ್‌ಬುಕ್ಕನ್ನು ಮುಚ್ಚಿ ಚೀಲದೊಳಗೆ ಹಾಕಿ, ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡ, ಅಷ್ಟೇ.

"ಮರುದಿನ ಹೋಗಿ ಸತ್ಯ ಹೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ" ಎಂದರು ಮೇಷ್ಟ್ರು.

"ಮರುದಿನ" ಎಂದಳು ತೊಮಿಕೊ. "ಮೇಷ್ಟ್ರೇ, ನಾನು ನಿಮ್ಮ ಮೇಲೆ ಕೂಗಾಡಬೇಕು ಅಂತ ಕಾವಗೊಯೆಯಿಂದ ರೈಲಲ್ಲಿ ಮಾತು ಜೋಡಿಸ್ಕೊಂಡು ಬಂದಿದ್ದೆ. ಈಗ ಅದಕ್ಕೂ ನೀವು ಲಾಯಕ್ಕಿಲ್ಲ ಅನ್ನಿಸ್ತಿದೆ. ನಮ್ಮಕ್ಕನೂ ಕಮ್ಮಿ ಇರಲಿಲ್ಲ ಬಿಡಿ. ಒಂದು ಮಾತಲ್ಲಿ ಮುಗಿಯೋದನ್ನ ಹತ್ತು ವರ್ಷ ಚಪ್ಪರಿಸಿದ್ಳು." ಯಾಸುಹಿರೊನ ಕಡೆ ತಿರುಗಿದಳು. "ಚೀಲ ಕೊಡು. ನನ್ನ ಮನೇಲಿರುತ್ತೆ. ನನ್ನ ಫ್ರಿಜ್ಜಿನ ಮೇಲೆ ಜಾಗ ಇದೆ."

"ಚಿಕ್ಕಮ್ಮ, ನಾನೇ ಇಟ್ಕೊಳ್ತೀನಿ" ಎಂದ ಯಾಸುಹಿರೊ.

"ಈಗ ಬೇಕಾಯ್ತಾ?"

"ಮೊದಲು ಓದ್ತೀನಿ. ಹನ್ನೊಂದನ್ನೂ ಓದಿ ಆಮೇಲೆ ಕೊಡ್ತೀನಿ."

ಚಿಕಾಕೊ ಬಾಯಿ ತೆರೆದಳು, ಗಂಡನ ಮುಖ ನೋಡಿ ಮುಚ್ಚಿದಳು.

"ಸರಿ" ಎಂದಳು ತೊಮಿಕೊ. "ಓದಿ ತಂದುಕೊಡು. ಮೇಷ್ಟ್ರೇ, ನಿಮಗೆ ಬೇಕಾದ್ರೆ ಕಾವಗೊಯೆಗೆ ಬನ್ನಿ. ನನ್ನ ಅಡುಗೆಮನೇಲಿ ಕೂತು ಕೈಯಾರೆ ಬರ್ಕೊಳ್ಳಿ. ಮನೆಗೆ ಒಯ್ಯೋ ಹಾಗಿಲ್ಲ. ನಕ್ಷೆಯ ಮೊದಲ ಪುಟದಲ್ಲಿ ನೆಮೊತೊ ಫುಸಾಯೆ ಅಂತ ಬರ್ಬೇಕು. ಲಾಂಡ್ರಿ ಅಂತಲೂ ಬರ್ಲಿ, ಪರವಾಗಿಲ್ಲ. ಆ ಫಲಕಾನ ನೀವೇ ಹೋಗಿ ಕಿತ್ತು ಹಾಕ್ಬೇಕು."

"ಕಿತ್ತು ಹಾಕೋಕೆ ಅರ್ಜಿ ಕೊಡ್ಬೇಕಾಗುತ್ತೆ" ಎಂದರು ಮೇಷ್ಟ್ರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು. "ಕೊಡ್ತೀನಿ" ಎಂದರು.

ಬಾಗಿಲಲ್ಲಿ ಬಿಳಿ ಕೈಗವಸಿನ ನೌಕರ ಕಾಣಿಸಿಕೊಂಡು ಬಾಗಿ ನಿಂತ. "ತಯಾರಾಗಿದೆ" ಎಂದ.

ಒಳಗಿನ ಕೋಣೆಯಲ್ಲಿ ಉಕ್ಕಿನ ತಟ್ಟೆಯ ಮೇಲೆ ಫುಸಾಯೆ ಇದ್ದಳು. ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಮೂಳೆ ಬೆಳ್ಳಗೆ, ಸ್ವಚ್ಛವಾಗಿತ್ತು. ನೌಕರ ಊಟದ ಕಡ್ಡಿಗಳಂಥ ಉದ್ದದ ಕಡ್ಡಿಗಳನ್ನು ಹಂಚಿದ. ಪಾದದಿಂದ ಶುರುಮಾಡಿ ತಲೆಯ ಕಡೆಗೆ, ಒಂದು ಮೂಳೆಯನ್ನು ಇಬ್ಬರು ಸೇರಿ ಹಿಡಿದು ಕುಡಿಕೆಗೆ ಹಾಕಬೇಕು ಎಂದು ವಿವರಿಸಿದ. ಮಗನೂ ಸೊಸೆಯೂ ಮೊದಲ ಜೋಡಿಯಾಗಿ ನಿಂತರು. ತೊಮಿಕೊ ತನ್ನ ಎರಡು ಕಡ್ಡಿ ಹಿಡಿದು ಒಬ್ಬಳೇ ನಿಂತಳು. ಗಂಡ ಹೋಗಿ ಹದಿನಾರು ವರ್ಷ. ಬಳಗದ ಹೆಂಗಸರು ತಾವು ಹೊರಗಿರುತ್ತೇವೆಂದು ಸನ್ನೆ ಮಾಡಿ ಸರಿದುಕೊಂಡಿದ್ದರು. ಗಂಡಸರೂ ಅವರ ಹಿಂದೆಯೇ ಹೋದರು.

ಕುಗಾ ಮೇಷ್ಟ್ರು ಮಾತ್ರ ಹೊಸ್ತಿಲಲ್ಲಿ ನಿಂತಿದ್ದರು. ಒಳಗೂ ಬರದೆ, ಹೊರಗೂ ಹೋಗದೆ.

"ಇನ್ನೊಬ್ಬರು ಬೇಕಾಗುತ್ತೆ" ಎಂದ ನೌಕರ.

ತೊಮಿಕೊ ಸುತ್ತ ನೋಡಿದಳು. ಬೇರೆ ಯಾರೂ ಇರಲಿಲ್ಲ.

"ಬನ್ನಿ ಮೇಷ್ಟ್ರೇ."

ಅವರು ಬಂದು ತಟ್ಟೆಯ ಆಚೆ ಬದಿಗೆ ನಿಂತರು. ಒಂದು ಗೇಣುದ್ದದ ತೆಳು ಮೂಳೆ. ಕಾಲಿನದು, ಎಂದ ನೌಕರ. ನಲವತ್ತು ವರ್ಷಕ್ಕೂ ಮೀರಿ ಸೈಕಲ್ ತುಳಿದ ಕಾಲು. ತೊಮಿಕೊ ಒಂದು ತುದಿ ಹಿಡಿದಳು, ಮೇಷ್ಟ್ರು ಇನ್ನೊಂದು ತುದಿ ಹಿಡಿದರು. ಅವರ ಕೈ ನಡುಗುತ್ತಿತ್ತು. ಕಡ್ಡಿಗಳು ಮೂಳೆಗೆ ಬಡಿದು ಸಣ್ಣಗೆ ಟಕಟಕ ಎನ್ನುತ್ತಿದ್ದವು.

"ಬೀಳಿಸಿದ್ರೆ ನೋಡಿ" ಎಂದಳು ತೊಮಿಕೊ, ಹಲ್ಲು ಕಚ್ಚಿ.

ಅವಳ ಕೈ ಗಟ್ಟಿಯಾಗಿತ್ತು. ಒಬ್ಬಳೇ ಆಗಿದ್ದರೆ ಎರಡು ಹೆಜ್ಜೆಯಲ್ಲಿ ಮುಗಿಸುತ್ತಿದ್ದಳು. ಆದರೆ ಮೇಷ್ಟ್ರ ಹೆಜ್ಜೆ ಚಿಕ್ಕದು, ಅವಳು ಬೇಗ ನಡೆದರೆ ಮೂಳೆ ಜಾರುತ್ತಿತ್ತು. ತೊಮಿಕೊ ಅವರ ಮುಖ ನೋಡದೆ, ಅವರ ಕಡ್ಡಿಯ ತುದಿಯನ್ನೇ ನೋಡುತ್ತ, ಅವರ ನಡುಕಕ್ಕೆ ತಕ್ಕ ಹಾಗೆ ತನ್ನ ಕೈಯನ್ನು ಮೇಲೆ ಕೆಳಗೆ ಮಾಡಿಕೊಳ್ಳುತ್ತ, ಅರ್ಧರ್ಧ ಹೆಜ್ಜೆ ಇಡುತ್ತ ಕುಡಿಕೆಯ ಕಡೆಗೆ ಸರಿದಳು.